ಲಾಂಗ್-ಸುರ್-ಮೇರ್ ಬಂಕರ್‌ಗಳು: ಫಿರಂಗಿಯಿಂದಲ್ಲ, ಬಂಡೆಯಂಚಿನಿಂದ ಓದಿ

ಫ್ರಾನ್ಸಿನ ನಾರ್ಮಂಡಿ ಕರಾವಳಿಯಲ್ಲಿ ಲಾಂಗ್-ಸುರ್-ಮೇರ್ ಎಂಬ ಸಣ್ಣ ಹಳ್ಳಿ ಇದೆ. ಅದರ ಪಕ್ಕದ ಹೊಲಗಳ ನಡುವೆ ಎರಡನೇ ಮಹಾಯುದ್ಧದ ಕಾಲದ ನಾಲ್ಕು ದೊಡ್ಡ ಕಾಂಕ್ರೀಟ್ ಕಟ್ಟಡಗಳು ನಿಂತಿವೆ. ಇವುಗಳಿಗೆ ಕೇಸ್‌ಮೇಟ್ ಎನ್ನುತ್ತಾರೆ, ಅಂದರೆ ಫಿರಂಗಿಗೆಂದೇ ಕಟ್ಟಿದ ಬಂಕರ್. ನಾರ್ಮಂಡಿಯಲ್ಲಿ ಇಂಥವು ಬೇರೆ ಕಡೆಯೂ ಇವೆ. ಅಲ್ಲಿ ಗೋಡೆಗಳು ಉಳಿದಿವೆ, ಫಿರಂಗಿಗಳು ಗುಜರಿಗೆ ಹೋಗಿವೆ. ಲಾಂಗ್‌ನಲ್ಲಿ ಮಾತ್ರ ಆಗಿನ ಫಿರಂಗಿಗಳು ಅವು ಇದ್ದ ಜಾಗದಲ್ಲೇ ಇವೆ. ಕರಾವಳಿ ರಕ್ಷಣೆ ಹೇಗೆ ಕೆಲಸ ಮಾಡುತ್ತಿತ್ತು ಎಂದು ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ.

ಅಲ್ಲಿಗೆ ಬರುವ ಹೆಚ್ಚಿನವರು ಸೀದಾ ಫಿರಂಗಿ ಹತ್ತಿರ ಹೋಗುತ್ತಾರೆ. ಫೋಟೊ ತೆಗೆದುಕೊಂಡು ವಾಪಸ್ ಹೊರಡುತ್ತಾರೆ. ನನ್ನ ಸಲಹೆ ಇದಕ್ಕೆ ಪೂರ್ತಿ ಉಲ್ಟಾ. ಫಿರಂಗಿಗಳನ್ನು ಕೊನೆಗೆ ನೋಡಿ. ಮೊದಲು ಅವುಗಳನ್ನು ದಾಟಿ ಮುಂದೆ ನಡೆದು, ಸಮುದ್ರದ ಕಡೆಯ ಬಂಡೆಯಂಚಿಗೆ ಹೋಗಿ. ಅಲ್ಲೊಂದು ತಗ್ಗಾದ, ಎರಡು ಹಂತದ ಬಂಕರ್ ಇದೆ. ಈ ಇಡೀ ಜಾಗ ಅರ್ಥವಾಗುವುದು ಅಲ್ಲಿಂದಲೇ.

ಹಿನ್ನೆಲೆ, ಚುಟುಕಾಗಿ

1942ರ ಮಾರ್ಚ್ 23ರಂದು ಹಿಟ್ಲರ್ ತನ್ನ 40ನೇ ನಂಬರಿನ ಆದೇಶ ಹೊರಡಿಸಿದ. ವಶಪಡಿಸಿಕೊಂಡ ಕರಾವಳಿಯನ್ನು ಹೇಗೆ ಕಾಯಬೇಕು ಎಂಬುದು ಅದರ ವಿಷಯ. ನಾರ್ವೆಯ ಉತ್ತರದಿಂದ ಫ್ರಾನ್ಸ್-ಸ್ಪೇನ್ ಗಡಿವರೆಗೆ ಹಬ್ಬಿದ ಈ ರಕ್ಷಣಾ ಸಾಲಿಗೆ ಅಟ್ಲಾಂಟಿಕ್ ವಾಲ್ ಎಂದು ಹೆಸರಾಯಿತು. ಹೆಸರು ಕೇಳಿ ಉದ್ದಕ್ಕೂ ಒಂದೇ ಗೋಡೆ ಅಂದುಕೊಳ್ಳಬೇಡಿ. ಅಲ್ಲಲ್ಲಿ ಬಂಕರ್‌ಗಳ ಗುಂಪು, ನಡುವೆ ಮುಳ್ಳುತಂತಿ ಮತ್ತು ನೆಲಬಾಂಬು, ಎಷ್ಟೋ ಕಡೆ ಏನೂ ಇಲ್ಲ. ಬಂದರುಗಳ ಸುತ್ತ ಭದ್ರತೆ ಜಾಸ್ತಿ, ಬರೀ ಮರಳಿನ ದಂಡೆಗಳಲ್ಲಿ ಕಡಿಮೆ. ಬಂದರು ಕೈಗೆ ಸಿಗದೆ ದೊಡ್ಡ ಸೈನ್ಯಕ್ಕೆ ಸಾಮಾನು ಇಳಿಸಲು ಆಗುವುದಿಲ್ಲ ಎಂಬುದು ಜರ್ಮನರ ಲೆಕ್ಕ. 1942ರ ಆಗಸ್ಟ್ 19ರಂದು ಮಿತ್ರಪಡೆಗಳು ಡಿಯೆಪ್ ಬಂದರಿನ ಮೇಲೆ ದಾಳಿ ಮಾಡಿ ಭಾರಿ ಏಟು ತಿಂದವು. ಆಗ ಈ ಲೆಕ್ಕ ಇನ್ನೂ ಗಟ್ಟಿಯಾಯಿತು. ಮಿತ್ರಪಡೆಗಳು ಕಲಿತ ಪಾಠ ಬೇರೆಯೇ. ಅದಕ್ಕೆ ಆಮೇಲೆ ಬರುತ್ತೇನೆ.

ಲಾಂಗ್‌ನಲ್ಲಿ ಕೆಲಸ ಶುರುವಾದದ್ದು 1943ರ ಸೆಪ್ಟೆಂಬರಿನಲ್ಲಿ. ಮುಂದೆ, 1944ರ ಜೂನ್ 6ರಂದು, ಮಿತ್ರಪಡೆಗಳು ಸಮುದ್ರದಿಂದ ನಾರ್ಮಂಡಿಗೆ ದಾಳಿ ಮಾಡಿದಾಗ ಅಮೆರಿಕನ್ನರು ಇಳಿದ ಒಮಾಹಾ ದಂಡೆ ಇದರ ಪಶ್ಚಿಮಕ್ಕೆ, ಬ್ರಿಟಿಷರು ಇಳಿದ ಗೋಲ್ಡ್ ದಂಡೆ ಪೂರ್ವಕ್ಕೆ. ಎರಡರ ಮುಂದಿನ ಸಮುದ್ರವೂ ಈ ಫಿರಂಗಿಗಳ ಗುಂಡು ಮುಟ್ಟುವ ದೂರದೊಳಗೆ ಬರುತ್ತದೆ.

ಕಣ್ಣು

ಬಂಡೆಯಂಚಿನ ಆ ಬಂಕರ್ ಈ ಬ್ಯಾಟರಿಯ, ಅಂದರೆ ಒಟ್ಟಿಗೆ ಕೆಲಸ ಮಾಡುವ ಈ ನಾಲ್ಕು ಫಿರಂಗಿಗಳ ಗುಂಪಿನ, ಕಣ್ಣು. ಅದರ ಕಿಂಡಿ ಅಡ್ಡಕ್ಕೆ ಅಗಲವಾಗಿದೆ. ಒಳಗೆ ನಿಂತರೆ ಸಮುದ್ರ ಎಡದಿಂದ ಬಲಕ್ಕೆ ಪೂರ್ತಿ ಕಾಣಿಸುತ್ತದೆ. ಅದರ ಮೇಲಿನ ಹಂತದಲ್ಲಿ ದೂರ ಅಳೆಯುವ ಉದ್ದನೆಯ ರೇಂಜ್‌ಫೈಂಡರ್ ಇತ್ತು. ಇಲ್ಲಿ ಬಂಡೆಯ ಎತ್ತರ ಸುಮಾರು 60 ಮೀಟರ್. ಈ ಎತ್ತರ ಯಾಕೆ ಮುಖ್ಯ ಅಂತ ಒಂದು ಸಣ್ಣ ಲೆಕ್ಕ ಮಾಡಿ ನೋಡೋಣ.

ಭೂಮಿ ಗುಂಡಗಿರುವುದರಿಂದ ನಾವು ಎಷ್ಟು ದೂರ ನೋಡಬಲ್ಲೆವು ಎಂಬುದು ಕಣ್ಣಿನ ಎತ್ತರದ ಮೇಲೆ ನಿಂತಿದೆ. ಎತ್ತರವನ್ನು ಮೀಟರಿನಲ್ಲಿ ತೆಗೆದುಕೊಂಡು, ಅದರ ವರ್ಗಮೂಲವನ್ನು 3.57ರಿಂದ ಗುಣಿಸಿದರೆ ದಿಗಂತದ ದೂರ ಕಿಲೋಮೀಟರಿನಲ್ಲಿ ಬರುತ್ತದೆ. ಮರಳಿನ ದಂಡೆಯಲ್ಲಿ ನಿಂತವನ ಕಣ್ಣು 2 ಮೀಟರ್ ಎತ್ತರದಲ್ಲಿದೆ ಅಂದುಕೊಂಡರೆ ಅವನಿಗೆ ಕಾಣುವುದು ಸುಮಾರು 5 ಕಿ.ಮೀ. 60 ಮೀಟರ್ ಎತ್ತರದಿಂದ ಸುಮಾರು 28 ಕಿ.ಮೀ. ಲಾಂಗ್‌ನ ಫಿರಂಗಿಗಳು ಗುಂಡು ಎಸೆಯಬಲ್ಲ ದೂರ ಸುಮಾರು 20 ಕಿ.ಮೀ. ಈ ಎರಡು ಸಂಖ್ಯೆಗಳನ್ನು ಪಕ್ಕಪಕ್ಕದಲ್ಲಿಟ್ಟರೆ ಈ ಜಾಗವನ್ನೇ ಯಾಕೆ ಆರಿಸಿದರು ಎಂದು ತಿಳಿಯುತ್ತದೆ ಅಲ್ವಾ? ಫಿರಂಗಿ ಎಲ್ಲಿಯವರೆಗೆ ಹೊಡೆಯಬಲ್ಲದೋ ಅದಕ್ಕಿಂತ ಆಚೆಗೂ ಕಣ್ಣು ನೋಡಬಲ್ಲದು.

ಆದರೆ ನೋಡಿದ ಮಾತ್ರಕ್ಕೆ ಹೊಡೆದಂತಾಗಲಿಲ್ಲ. ಹಡಗು ಚಲಿಸುತ್ತಿರುತ್ತದೆ. ಗಂಟೆಗೆ 30 ಕಿ.ಮೀ. ವೇಗದ ಹಡಗು, ಗುಂಡು ಅಲ್ಲಿ ತಲುಪಲು 30 ಸೆಕೆಂಡ್ ಎಂದಿಟ್ಟುಕೊಳ್ಳಿ. ಅಷ್ಟರಲ್ಲಿ ಹಡಗು 250 ಮೀಟರ್ ಮುಂದೆ ಹೋಗಿರುತ್ತದೆ. ಹಾಗಾಗಿ ಈಗ ಇರುವ ಜಾಗಕ್ಕಲ್ಲ, ಆಗ ಇರಲಿರುವ ಜಾಗಕ್ಕೆ ಗುರಿ ಇಡಬೇಕು. ಜೊತೆಗೆ ಗಾಳಿಯ ಲೆಕ್ಕ ಬೇರೆ. ಇನ್ನೊಂದು ತೊಡಕೂ ಇದೆ: ಲೆಕ್ಕ ಹಾಕುವವನು ಬಂಡೆಯಂಚಿನಲ್ಲಿದ್ದಾನೆ, ನಾಲ್ಕು ಫಿರಂಗಿಗಳು 300 ಮೀಟರಿಗೂ ಹೆಚ್ಚು ಹಿಂದೆ, ಒಂದೊಂದೂ ಬೇರೆ ಬೇರೆ ಜಾಗದಲ್ಲಿವೆ. ಒಂದೇ ಹಡಗಿಗೆ ನಾಲ್ಕಕ್ಕೂ ನಾಲ್ಕು ಬೇರೆ ಕೋನ ಬೇಕು. ವೀಕ್ಷಣಾ ಬಂಕರಿನ ನಕ್ಷೆ ಕೋಣೆ ಇದಕ್ಕಾಗಿಯೇ ಇತ್ತು. ಅಲ್ಲಿ ಲೆಕ್ಕ ಮುಗಿಸಿ, ಕೋನ ಮತ್ತು ದೂರವನ್ನು ನೆಲದಡಿಯ ತಂತಿಯ ಮೂಲಕ ಫಿರಂಗಿಯವರಿಗೆ ಹೇಳುತ್ತಿದ್ದರು. ಗುಂಡು ಬಿದ್ದು ನೀರು ಎಲ್ಲಿ ಚಿಮ್ಮಿತು ಎಂದು ನೋಡಿ, ಹಡಗಿನ ಈಚೆಗೋ ಆಚೆಗೋ ಎಂದು ತಿದ್ದುತ್ತಿದ್ದರು. ನಾಲ್ಕು ಫಿರಂಗಿಗಳು ಒಟ್ಟಿಗೆ ಹಾರಿಸುವುದರ ಲಾಭ ಇದೇ. ಒಂದೇ ಸಲಕ್ಕೆ ನಾಲ್ಕು ಚಿಮ್ಮು ಕಾಣುತ್ತವೆ, ತಪ್ಪು ಎಷ್ಟು ಎಂದು ಬೇಗ ಗೊತ್ತಾಗುತ್ತದೆ.

ಹೀಗೆ ನೋಡಿದರೆ ಈ ಜಾಗದಲ್ಲಿ ಎಲ್ಲಕ್ಕಿಂತ ದುರ್ಬಲವಾದ ವಸ್ತು ಕಣ್ಣಿಗೆ ಕಾಣಿಸುವುದೇ ಇಲ್ಲ. ಅದು ಆ ತಂತಿ.

ಫಿರಂಗಿಗಳ ಹತ್ತಿರ

ಈಗ ಹಿಂದಕ್ಕೆ ನಡೆಯಿರಿ. ಇವು 150 ಮಿ.ಮೀ. ಫಿರಂಗಿಗಳು. ಡೆಸ್ಟ್ರಾಯರ್ ಹಡಗುಗಳಿಗೆಂದು ರೂಪಿಸಿದ ಮಾದರಿ, ತಯಾರಾದದ್ದು ಚೆಕ್ ನಾಡಿನ ಪ್ಲ್ಜೆನ್‌ನ ಸ್ಕೋಡಾ ಕಾರ್ಖಾನೆಯಲ್ಲಿ. ಉಕ್ಕಿನ ಕವಚ ಇನ್ನೂ ಇದೆ. ತುಕ್ಕು ಹಿಡಿದಿದ್ದರೂ ಯಂತ್ರದ ಭಾಗಗಳನ್ನು ಗುರುತಿಸಬಹುದು. ಕಟ್ಟಡಗಳು ಜರ್ಮನ್ ನೌಕಾಪಡೆಯ ಎಂ-272 ಎಂಬ ಸಿದ್ಧ ಮಾದರಿಯವು. ಅಟ್ಲಾಂಟಿಕ್ ವಾಲ್‌ನ ಹೆಚ್ಚಿನ ಬಂಕರ್‌ಗಳು ಹೀಗೆ ನಂಬರ್ ಹಾಕಿದ ನಕ್ಷೆಗಳ ಪ್ರಕಾರ ಕಟ್ಟಿದವು. ನಾರ್ವೆಯಲ್ಲಿ ನೋಡಿದ್ದನ್ನೇ ಫ್ರಾನ್ಸಿನಲ್ಲೂ ನೋಡಬಹುದು. ಸಾಮಾನ್ಯ ಗಟ್ಟಿ ಬಂಕರಿನ ಗೋಡೆ, ಛಾವಣಿ 2 ಮೀಟರ್ ದಪ್ಪ. ತುಂಬಾ ಮುಖ್ಯವಾದವಕ್ಕೆ 3.5 ಮೀಟರ್.

ಒಳಗೆ ಹೋದಾಗ ಗೋಡೆಯನ್ನು ಹತ್ತಿರದಿಂದ ನೋಡಿ. ಕಾಂಕ್ರೀಟ್ ಹೊಯ್ಯುವಾಗ ಕಟ್ಟಿದ ಸೆಂಟ್ರಿಂಗ್‌ನ ಗುರುತು ಕಾಣಬಹುದು. ಒಡೆದ ಕಡೆ ಕಬ್ಬಿಣದ ಸರಳುಗಳು ಹೊರಗೆ ಚಾಚಿವೆ. ಛಾವಣಿಯ ಅಂಚಿನ ಕೊಕ್ಕೆಗಳು ಮರೆಮಾಚುವ ಬಲೆ ಕಟ್ಟಲು. ಆಮೇಲೆ ಫಿರಂಗಿಯ ಹಿಂದೆ ನಿಂತು ಕಿಂಡಿಯಿಂದ ಹೊರಗೆ ನೋಡಿ. ಇಡೀ ಸುತ್ತಿನ ಸುಮಾರು ಮೂರನೇ ಒಂದು ಭಾಗ ಮಾತ್ರ ಕಾಣಿಸುತ್ತದೆ. ಫಿರಂಗಿ ತಿರುಗುವುದೂ ಅಷ್ಟೇ. ತಲೆಯ ಮೇಲೆ ಕಾಂಕ್ರೀಟ್ ಹಾಕಿದರೆ ಬಾಂಬಿನಿಂದ ರಕ್ಷಣೆ ಸಿಗುತ್ತದೆ, ಆದರೆ ಬೆನ್ನ ಹಿಂದಿನಿಂದ ಬರುವವರ ಮೇಲೆ ಹೊಡೆಯಲು ಆಗುವುದಿಲ್ಲ. ಇದು ಕೊಡು-ಕೊಳ್ಳುವ ಲೆಕ್ಕ. ಪರೀಕ್ಷೆಗೆ ಓದುವವರು ಈ ಒಂದು ಅಂಶವನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ.

ಇದರ ಇನ್ನೊಂದು ಮುಖ ನೋಡಬೇಕಾದರೆ ಪಶ್ಚಿಮಕ್ಕಿರುವ ಪ್ವಾಂತ್ ದು ಹೊಕ್‌ಗೆ ಹೋಗಿ. ಅಲ್ಲಿನ 155 ಮಿ.ಮೀ. ಫಿರಂಗಿಗಳನ್ನು ಮೊದಲು ತೆರೆದ ಗುಂಡಿಗಳಲ್ಲಿ ಇಟ್ಟಿದ್ದರು. ಸುತ್ತಲೂ ತಿರುಗಬಹುದಿತ್ತು, ತಲೆಗೆ ರಕ್ಷಣೆ ಇರಲಿಲ್ಲ. ಬಾಂಬ್ ದಾಳಿ ಶುರುವಾದ ಮೇಲೆ ಅವನ್ನು ಒಳನಾಡಿಗೆ ಸಾಗಿಸಿದರು. 1944ರ ಜೂನ್ 6ರಂದು ಅಮೆರಿಕದ ರೇಂಜರ್‌ಗಳು ಹಗ್ಗ ಹಿಡಿದು ಬಂಡೆ ಹತ್ತಿದಾಗ ಗುಂಡಿಗಳಲ್ಲಿ ಫಿರಂಗಿಗಳೇ ಇರಲಿಲ್ಲ. ಆಮೇಲೆ ಹುಡುಕಿ, ಒಳಗಿನ ದಾರಿಯೊಂದರಲ್ಲಿ ಸಿಕ್ಕವುಗಳನ್ನು ಹಾಳು ಮಾಡಿದರು.

ಜೂನ್ 6, 1944

ಈ ದಿನದ ದಾಳಿಗೆ ಮುಂಚೆ ಲಾಂಗ್ ಮೇಲೆ ಮಿತ್ರಪಡೆಗಳ ವಿಮಾನಗಳು ಹಲವು ಸಲ ಬಾಂಬ್ ಸುರಿದವು. ಕಾಂಕ್ರೀಟ್ ಹೆಚ್ಚು ಕಡಿಮೆ ಹಾಗೇ ಉಳಿಯಿತು. ಪಾಪ, ಪಕ್ಕದ ಹಳ್ಳಿಗೆ ಬಾಂಬ್ ಬಿತ್ತು. ಆದರೆ ಕಣ್ಣಿಗೂ ಫಿರಂಗಿಗೂ ನಡುವಿನ ತಂತಿ ಹಾಳಾಯಿತು. ಅಲ್ಲಿಂದ ಮುಂದೆ ಲೆಕ್ಕದ ಕೋಣೆ ಇದ್ದೂ ಇಲ್ಲದಂತೆ. ಫಿರಂಗಿಯವರು ತಮಗೆ ಕಂಡಷ್ಟನ್ನೇ ನೋಡಿ ಹೊಡೆಯಬೇಕಾಯಿತು.

ಬೆಳಗಿನ ಜಾವ ಬ್ಯಾಟರಿ ಗುಂಡು ಹಾರಿಸಲು ಶುರು ಮಾಡಿತು. ಗೋಲ್ಡ್ ದಂಡೆಯ ದಾಳಿಯನ್ನು ನಡೆಸುತ್ತಿದ್ದ ಬ್ರಿಟಿಷ್ ಹಡಗು ಬುಲೋಲೋ ಜಾಗ ಬದಲಿಸಬೇಕಾಯಿತು. ಬ್ರಿಟಿಷ್ ಕ್ರೂಸರ್‌ಗಳಾದ ಅಜಾಕ್ಸ್ ಮತ್ತು ಆರ್ಗೊನಾಟ್ ಎದುರುತ್ತರ ಕೊಟ್ಟು ಬೆಳಿಗ್ಗೆಯೇ ಇದರ ಸದ್ದಡಗಿಸಿದವು. ಮಧ್ಯಾಹ್ನ ಒಂದು ಫಿರಂಗಿ ಮತ್ತೆ ಹಾರಿಸತೊಡಗಿತು. ಸಂಜೆ ಹೊತ್ತಿಗೆ ಫ್ರೆಂಚ್ ಕ್ರೂಸರ್ ಜಾರ್ಜ್ ಲೆಗ್ ಅದನ್ನೂ ನಿಲ್ಲಿಸಿತು. ತಮ್ಮದೇ ನೆಲದ ಮೇಲೆ ಗುಂಡು ಹಾರಿಸಬೇಕಾದ ಫ್ರೆಂಚ್ ನಾವಿಕರ ಸಂಕಟ ಎಂಥದು ಎಂದು ಒಂದು ಕ್ಷಣ ಯೋಚಿಸಿ. ಇಡೀ ದಿನದಲ್ಲಿ ಬ್ಯಾಟರಿ ಹಾರಿಸಿದ್ದು ಸುಮಾರು 170 ಗುಂಡು. ಒಂದು ಹಡಗೂ ಮುಳುಗಲಿಲ್ಲ.

ಮರುದಿನ, ಜೂನ್ 7ರಂದು, ಬ್ರಿಟಿಷ್ ಡೆವನ್‌ಶೈರ್ ರೆಜಿಮೆಂಟಿನ ಸೈನಿಕರು ನೆಲದ ಕಡೆಯಿಂದ ಬಂದರು. ಬ್ಯಾಟರಿ ಶರಣಾಯಿತು. ಅಲ್ಲಿದ್ದವರು ಒಟ್ಟು 184 ಮಂದಿ, ಅವರಲ್ಲಿ ಎಷ್ಟೋ ಜನ 40 ದಾಟಿದವರು.

ಕಟ್ಟಿದವರು ಯಾರು

ಬಂಕರ್ ನೋಡುವಾಗ ಕಾಂಕ್ರೀಟಿನ ದಪ್ಪ, ಫಿರಂಗಿಯ ಅಳತೆ, ಇವುಗಳಲ್ಲೇ ಮುಳುಗಿಬಿಡುವುದು ಸುಲಭ. ಅದನ್ನು ಹೊತ್ತು ಹೊಯ್ದವರನ್ನು ಬಿಟ್ಟು ಓದಿದರೆ ಆ ಓದು ಅರ್ಧ. ಅಟ್ಲಾಂಟಿಕ್ ವಾಲ್ ಕಟ್ಟಿದ್ದು ಆರ್ಗನೈಸೇಷನ್ ಟೋಟ್ ಎಂಬ ಜರ್ಮನ್ ನಿರ್ಮಾಣ ಸಂಸ್ಥೆ. ಅದನ್ನು ಶುರು ಮಾಡಿದ ಫ್ರಿಟ್ಸ್ ಟೋಟ್ 1942ರ ಫೆಬ್ರವರಿಯಲ್ಲಿ ವಿಮಾನ ಅಪಘಾತದಲ್ಲಿ ಸತ್ತ. ಆಮೇಲೆ ಆಲ್ಬರ್ಟ್ ಶ್ಪೇರ್ ಆ ಜಾಗಕ್ಕೆ ಬಂದ. ಕೂಲಿಗೆಂದು ಬಂದ ಫ್ರೆಂಚರಿದ್ದರು, ಗುತ್ತಿಗೆ ಹಿಡಿದು ಲಾಭ ಮಾಡಿಕೊಂಡ ಫ್ರೆಂಚ್ ಕಂಪನಿಗಳೂ ಇದ್ದವು. ಜೊತೆಗೆ ಬಲವಂತವಾಗಿ ದುಡಿಸಿಕೊಂಡವರ ದೊಡ್ಡ ಗುಂಪು: ಅಂತರ್ಯುದ್ಧದಲ್ಲಿ ಸೋತು ಫ್ರಾನ್ಸಿಗೆ ಓಡಿಬಂದ ಸ್ಪೇನಿನ ಗಣರಾಜ್ಯವಾದಿಗಳು, ಸೋವಿಯತ್ ಯುದ್ಧಕೈದಿಗಳು, 1943ರ ಫೆಬ್ರವರಿಯ ಕಡ್ಡಾಯ ದುಡಿಮೆ ಕಾನೂನಿಗೆ ಸಿಕ್ಕಿಬಿದ್ದ ಫ್ರೆಂಚ್ ಯುವಕರು. ಯಾವುದೇ ಬಂಕರಿಗೆ ಹೋದರೂ, ಇದನ್ನು ಯಾರು ಕಟ್ಟಿದರು ಎಂಬ ಮಾಹಿತಿ ಫಲಕ ಇದೆಯಾ ಎಂದು ಹುಡುಕಿ. ಇಲ್ಲದಿದ್ದರೆ ಅದನ್ನೂ ನಿಮ್ಮ ಟಿಪ್ಪಣಿಯಲ್ಲಿ ಬರೆದುಕೊಳ್ಳಿ.

ಭಾರತದ ಓದುಗರಿಗೆ ಗೊತ್ತಿರಬೇಕಾದ ಒಂದು ಸಂಗತಿ ಇಲ್ಲಿದೆ. ಈ ಅಟ್ಲಾಂಟಿಕ್ ವಾಲ್ ಕಾಯಲು ಭಾರತೀಯರೂ ನಿಂತಿದ್ದರು. ಲಾಂಗ್‌ನಲ್ಲಿ ಅಲ್ಲ, ದಕ್ಷಿಣಕ್ಕೆ, ಬೋರ್ಡೋ ಹತ್ತಿರದ ಲಕಾನೋ ಕರಾವಳಿಯಲ್ಲಿ. ಉತ್ತರ ಆಫ್ರಿಕಾದ ಯುದ್ಧದಲ್ಲಿ ಬ್ರಿಟಿಷ್ ಇಂಡಿಯನ್ ಆರ್ಮಿಯ ಸಾವಿರಾರು ಸೈನಿಕರು ಸೆರೆ ಸಿಕ್ಕಿದ್ದರು. 1941ರಲ್ಲಿ ಜರ್ಮನಿಗೆ ಬಂದ ಸುಭಾಷ್ ಚಂದ್ರ ಬೋಸ್ ಆ ಸೆರೆಯಾಳುಗಳಲ್ಲಿ ಕೆಲವರನ್ನು ಸೇರಿಸಿ ಆಜಾದ್ ಹಿಂದ್ ಲೀಜನ್ ಕಟ್ಟಿದರು. ಬ್ರಿಟಿಷರನ್ನು ಭಾರತದಿಂದ ಓಡಿಸುವುದು ಅವರ ಗುರಿ. ಆದರೆ ಬೋಸ್ 1943ರ ಫೆಬ್ರವರಿಯಲ್ಲಿ ಸಬ್‌ಮರೀನ್ ಹತ್ತಿ ಪೂರ್ವಕ್ಕೆ ಹೊರಟರು. ಉಳಿದವರನ್ನು ಜರ್ಮನ್ ಸೇನೆ ಮೊದಲು ನೆದರ್‌ಲ್ಯಾಂಡ್ಸ್ ಕರಾವಳಿಗೆ, ಆಮೇಲೆ ಲಕಾನೋಗೆ ಕಾವಲಿಗೆ ಕಳಿಸಿತು. 1944ರ ಫೆಬ್ರವರಿಯಲ್ಲಿ ಜರ್ಮನ್ ಸೇನಾನಾಯಕ ರೊಮೆಲ್ ಈ ಭಾರತೀಯ ಸೈನಿಕರನ್ನು ತಪಾಸಣೆ ಮಾಡುತ್ತಿರುವ ಫೋಟೊಗಳು ಇವೆ. ಅದೇ ತಿಂಗಳು ಇಟಲಿಯ ಮೊಂಟೆ ಕಸಿನೊದಲ್ಲಿ 4ನೇ ಇಂಡಿಯನ್ ಡಿವಿಷನ್ ಜರ್ಮನರ ವಿರುದ್ಧ ಹೋರಾಡುತ್ತಿತ್ತು. ಎರಡೂ ಕಡೆಯವರು ನಮ್ಮ ಹಳ್ಳಿಗಳಿಂದ ಹೊರಟ ಹುಡುಗರು. ಇವರಲ್ಲಿ ಯಾರನ್ನೂ ಒಂದೇ ಮಾತಿನಲ್ಲಿ ಹೀರೋ ಅಥವಾ ದ್ರೋಹಿ ಎಂದುಬಿಡುವ ಓದು ನನಗೆ ಒಪ್ಪಿಗೆಯಿಲ್ಲ.

ಉಳಿದದ್ದು ಹೇಗೆ

ಯುದ್ಧ ಮುಗಿದ ಮೇಲೆ ಬಂಕರ್‌ಗಳು ಯಾರಿಗೂ ಬೇಡವಾದವು. ಒಡೆಯುವುದು ದುಬಾರಿ, ಇಟ್ಟುಕೊಳ್ಳಲು ಮನಸ್ಸಿಲ್ಲ. ಬೆಲ್ಜಿಯಂನ ಓಸ್ಟೆಂಡ್ ಪಕ್ಕದ ರಾವರ್ಸೈಡೆಯಲ್ಲಿ ಬಂಕರ್, ಕಂದಕಗಳೆಲ್ಲ ಉಳಿದಿವೆ. ಅಲ್ಲಿ ವಾಸವಿದ್ದ ಬೆಲ್ಜಿಯಂನ ರಾಜಕುಮಾರ ಚಾರ್ಲ್ಸ್ ಅವನ್ನು ಒಡೆಯಲು ಬಿಡಲಿಲ್ಲ. ಲಾಂಗ್‌ಗೆ 2001ರಲ್ಲಿ ಐತಿಹಾಸಿಕ ಸ್ಮಾರಕದ ಮಾನ್ಯತೆ ಸಿಕ್ಕಿತು. ಈಗ ಮನುಷ್ಯರಿಗಿಂತ ಸಮುದ್ರದ ಕಾಟವೇ ಜಾಸ್ತಿ. ಇಲ್ಲಿನ ಬಂಡೆಯ ಮೇಲ್ಪದರ ಸುಣ್ಣಕಲ್ಲು, ಕೆಳಗೆ ಮೆತ್ತನೆಯ ಜೇಡಿ ಪದರ. ಅದು ಜಾರಿದರೆ ಮೇಲಿನದೂ ಕುಸಿಯುತ್ತದೆ. ಪ್ವಾಂತ್ ದು ಹೊಕ್‌ನ ವೀಕ್ಷಣಾ ಬಂಕರ್ ಬೀಳದಂತೆ ಬಂಡೆಯನ್ನು ಗಟ್ಟಿ ಮಾಡುವ ಕೆಲಸ ಮಾಡಿ, 2011ರಲ್ಲಿ ಅದನ್ನು ಮತ್ತೆ ತೆರೆದರು.

ಹೋಗುವವರಿಗೆ ಒಂದೆರಡು ಮಾತು. ಪ್ಯಾರಿಸ್‌ನಿಂದ ಬಾಯೊ ಊರಿಗೆ ರೈಲಿದೆ, ಅಲ್ಲಿಂದ ಲಾಂಗ್ ಹತ್ತು ಕಿ.ಮೀ. ಒಳಗೇ. ಬಂಕರ್ ಒಳಗೆ ಕತ್ತಲು, ಟಾರ್ಚ್ ಇರಲಿ. ಬಂಡೆಯ ತುದಿಗೆ ಹೋಗಬೇಡಿ, ಬೇಲಿ ದಾಟಬೇಡಿ.

ಆಮೇಲೆ ಅದೇ ದಿನ ಪೂರ್ವಕ್ಕಿರುವ ಆರೊಮಾಂಶ್‌ಗೆ ಹೋಗಿ. ಡಿಯೆಪ್‌ನಿಂದ ಮಿತ್ರಪಡೆಗಳು ಕಲಿತ ಪಾಠ ಅಲ್ಲಿ ನೀರಿನಲ್ಲಿ ನಿಂತಿದೆ. ಬಂದರು ಗೆಲ್ಲುವುದು ಕಷ್ಟ ಎಂದಾದರೆ ಬಂದರನ್ನೇ ಜೊತೆಗೆ ತರೋಣ ಎಂದು ಅವರು ತೀರ್ಮಾನಿಸಿದರು. ಟೊಳ್ಳಾದ ದೊಡ್ಡ ಕಾಂಕ್ರೀಟ್ ಪೆಟ್ಟಿಗೆಗಳನ್ನು ಇಂಗ್ಲೆಂಡಿನಲ್ಲಿ ಎರಕ ಹೊಯ್ದು, ಸಮುದ್ರದ ಮೇಲೆ ಎಳೆದು ತಂದು, ಇಲ್ಲಿ ಸಾಲಾಗಿ ಮುಳುಗಿಸಿ ಅಲೆ ತಡೆದರು. ಒಮಾಹಾ ಎದುರಿನ ಇನ್ನೊಂದು ಇಂಥ ಬಂದರು ಜೂನ್ 19ರಿಂದ ಬೀಸಿದ ಬಿರುಗಾಳಿಗೆ ಹಾಳಾಯಿತು, ಆರೊಮಾಂಶ್‌ನದು ನಿಂತಿತು. ಆ ಪೆಟ್ಟಿಗೆಗಳಲ್ಲಿ ಕೆಲವು ಇಂದಿಗೂ ಅಲ್ಲಿವೆ. ಲಾಂಗ್‌ನಲ್ಲೂ ಕಾಂಕ್ರೀಟ್, ಇಲ್ಲೂ ಕಾಂಕ್ರೀಟ್. ಒಂದು ಬಂದ ಶತ್ರುವನ್ನು ತಡೆಯಲು ನೆಲಕ್ಕೆ ಅಂಟಿಕೊಂಡಿತು, ಇನ್ನೊಂದು ಸಮುದ್ರ ದಾಟಿ ಬಂತು. ಇಳಿತದ ಹೊತ್ತು ನೋಡಿಕೊಂಡು ಹೋದರೆ ದಂಡೆಗೆ ಹತ್ತಿರ ಬಿದ್ದಿರುವ ತುಂಡುಗಳವರೆಗೆ ನಡೆದೇ ಹೋಗಬಹುದು.