ಟೆಂಡರ್ ತೆರೆಯುವ ಮುಂಚೆ, ತೆರೆದ ಮೇಲೆ

ಸರ್ಕಾರದ ಖರೀದಿಗೆ ಜಾಹೀರಾತು ಕೊಟ್ಟು ದರ ಕರೆಯುವ ಮಾತು 1809ರ ಅಮೆರಿಕದ ಕಾಯ್ದೆಯಲ್ಲೇ ಇದೆ. 1994ರಲ್ಲಿ ವಿಶ್ವಸಂಸ್ಥೆಯ ವ್ಯಾಪಾರ ಕಾನೂನು ಆಯೋಗ ಎಲ್ಲ ದೇಶಗಳಿಗೂ ಆಗುವಂಥ ಮಾದರಿ ಕಾಯ್ದೆ ಬರೆದುಕೊಟ್ಟಿತು, 2011ರಲ್ಲಿ ಅದನ್ನು ತಿದ್ದಿತು. ನಡುವಿನ ಅಷ್ಟೂ ವರ್ಷ ಬಹುಮಟ್ಟಿಗೆ ನಡೆದದ್ದು ಇಷ್ಟೇ: ಮುಚ್ಚಿದ ಲಕೋಟೆ, ಎಲ್ಲರೆದುರು ತೆರೆಯುವುದು, ಕಡಿಮೆ ದರ ಹಾಕಿದವರಿಗೆ ಕೆಲಸ.

ಲಕೋಟೆ ತೆರೆಯುವ ದಿನ ಸಾಮಾನ್ಯವಾಗಿ ಎಲ್ಲವೂ ಸರಿಯಾಗಿಯೇ ಇರುತ್ತದೆ. ಎಡವಟ್ಟು ಆಗುವುದು ಅದರ ಮುಂಚೆ, ಇಲ್ಲವೇ ಆಮೇಲೆ. ಯಂತ್ರದ ಅಗಲ ಇಷ್ಟೇ ಮಿಲಿಮೀಟರ್ ಇರಬೇಕು ಅಂತ ಷರತ್ತಿನಲ್ಲಿ ಬರೆದರೆ ಸಾಕು, ಅಂಥದ್ದನ್ನು ಮಾಡುವುದು ಒಂದೇ ಕಂಪನಿ ಆಗಿರಬಹುದು. ದೊಡ್ಡ ಕೆಲಸವನ್ನು ತುಂಡು ಮಾಡಿ, ಟೆಂಡರ್ ಕರೆಯಲೇಬೇಕಾದ ಮೊತ್ತದ ಮಿತಿಯ ಕೆಳಗೆ ಇಳಿಸುವುದೂ ಹಳೇ ದಾರಿಯೇ.

ಆಮೇಲೆ ಕಂಪ್ಯೂಟರ್ ಬಂತು. ದಕ್ಷಿಣ ಕೊರಿಯಾ 2002ರಲ್ಲಿ ಸರ್ಕಾರಿ ಖರೀದಿಗೆಲ್ಲ ಒಂದೇ ಆನ್‌ಲೈನ್ ವ್ಯವಸ್ಥೆ ತಂದಿತು. ಸ್ಲೊವಾಕಿಯಾ 2011ರಿಂದ, ಒಪ್ಪಂದವನ್ನು ಇಂಟರ್ನೆಟ್‌ನಲ್ಲಿ ಹಾಕದಿದ್ದರೆ ಅದು ಜಾರಿಗೇ ಬರುವುದಿಲ್ಲ ಎಂದಿತು. ಎರಡನೆಯದು ಜಾಣ ನಿಯಮ. ಸಹಿ ಆದ ಕಾಗದವನ್ನೇ ಅದು ಹೊರಗೆ ತರುತ್ತದೆ.

ಜಾಸ್ತಿ ಕಲಿಸಿದ್ದು ಉಕ್ರೇನ್. 2014ರ ಆಂದೋಲನದ ನಂತರ ಸ್ವಯಂಸೇವಕರು, ಅಧಿಕಾರಿಗಳು, ಖಾಸಗಿಯವರು ಸೇರಿ 'ಪ್ರೊಜೊರ್ರೊ' ಎಂಬ ಆನ್‌ಲೈನ್ ಖರೀದಿ ವ್ಯವಸ್ಥೆ ಕಟ್ಟಿದರು. 2016ರ ಆಗಸ್ಟ್‌ನಿಂದ ಅದು ಎಲ್ಲ ಸರ್ಕಾರಿ ಕಚೇರಿಗಳಿಗೂ ಕಡ್ಡಾಯವಾಯಿತು. ಹರಾಜು ಮೂರು ಸುತ್ತು. ಪ್ರತಿ ಸುತ್ತಿನಲ್ಲೂ ದರ ಇಳಿಸಬಹುದು, ಆದರೆ ಎದುರಾಳಿ ಯಾರೆಂದು ಕೊನೆಯವರೆಗೂ ಗೊತ್ತಾಗುವುದಿಲ್ಲ. ಮುಗಿದ ಮೇಲೆ ಸೋತವರ ಕಾಗದಪತ್ರವನ್ನೂ ಯಾರು ಬೇಕಾದರೂ ನೋಡಬಹುದು. ಇಷ್ಟಾದರೂ ಕಿಂಡಿ ಉಳಿಯಿತು. ಮಾರುಕಟ್ಟೆ ದರ ಏರಿದರೆ ಒಪ್ಪಂದದ ಬೆಲೆಯನ್ನು ಶೇ 10ರವರೆಗೆ ಹೆಚ್ಚಿಸಲು ಕಾನೂನಿನಲ್ಲಿ ಅವಕಾಶವಿತ್ತು. ಕರೆಂಟು, ಗ್ಯಾಸ್ ಖರೀದಿಯಲ್ಲಿ ಕಡಿಮೆ ದರ ಹಾಕಿ ಗೆದ್ದು, ಆಮೇಲೆ ಬೆಲೆ ಏರಿಸುವ ಹೆಚ್ಚುವರಿ ಒಪ್ಪಂದಗಳನ್ನು ಒಂದರ ಹಿಂದೆ ಒಂದು ಮಾಡಿಕೊಂಡದ್ದುಂಟು. ಹಾಗಾದರೆ ಹರಾಜು ಸುಮ್ನೆ ನಡೆದಂತಾಯಿತು, ಅಲ್ವಾ?

2022ರಲ್ಲಿ ಯುದ್ಧ ಜೋರಾದಾಗ ಸೇನೆಯ ಖರೀದಿ ಜನರ ಕಣ್ಣಿನಿಂದ ದೂರವಾಯಿತು. ಗುಟ್ಟು ಬೇಕಿತ್ತು ಎನ್ನುವುದು ನಿಜ, ಆದರೆ ಮೊಟ್ಟೆಗೇಕೆ ಗುಟ್ಟು? 2023ರ ಜನವರಿಯಲ್ಲಿ ಪತ್ರಕರ್ತರು ಹೊರಗೆಳೆದ ಒಪ್ಪಂದದಲ್ಲಿ ಒಂದು ಮೊಟ್ಟೆಗೆ 17 ಹ್ರಿವ್ನಿಯಾ (ಉಕ್ರೇನಿನ ಹಣ) ಬರೆದಿತ್ತು, ಅಂಗಡಿಯಲ್ಲಿ ಸುಮಾರು 7. ಲೆಕ್ಕ ಬರೆಯುವಾಗ ಆದ ತಪ್ಪು ಎಂಬ ಸಮಜಾಯಿಷಿ ಬಂತು. ಮುಂದಿನ ತಿಂಗಳೇ, ಸೇನೆಗೆ ಕೊಳ್ಳುವ ಆಹಾರದಂಥ ಸರಕಿನ ಬಿಡಿ ಬೆಲೆ ಪ್ರಕಟಿಸಬೇಕು ಎಂದು ಸಂಸತ್ತು ಕಾಯ್ದೆ ಮಾಡಿತು. ಆಯುಧಗಳ ಲೆಕ್ಕ ಈ ಕಾಯ್ದೆಯ ಹೊರಗೇ ಉಳಿಯಿತು.