ಹೊಳೆಯ ಕೆಸರು ಹೊಳೆಗೇ ಬಿಟ್ಟರೆ ಹಾಳಾಗುವುದೇನು?

ಮುಂಬೈ ಕನ್ನಡಿಗರ ನಡುವೆ ಮರಳಿನ ಮಾತು ಬಂದರೆ ಸಾಕು, ಊರಿನ ಹೊಯಿಗೆ ದಕ್ಕೆ ನೆನಪಾಗುವವರು ತುಂಬ ಜನ ಇದ್ದಾರೆ. ನೇತ್ರಾವತಿಯಲ್ಲೋ ಫಲ್ಗುಣಿಯಲ್ಲೋ ದೋಣಿ ನಿಲ್ಲಿಸಿ, ನೀರಿಗಿಳಿದು, ಬುಟ್ಟಿಯಲ್ಲಿ ಹೊಯಿಗೆ ಎತ್ತುವುದನ್ನು ನೋಡುತ್ತಾ ಬೆಳೆದವರು. ಇಲ್ಲಿ ಥಾಣೆ ಜಿಲ್ಲೆಯಲ್ಲಿ ಆಗಾಗ ಒಂದು ಸುದ್ದಿ ಬರುತ್ತದೆ: ಖಾಡಿಯಲ್ಲಿ (ಸಮುದ್ರದ ನೀರು ಒಳಬರುವ ಅಳಿವೆಯಲ್ಲಿ) ಸಕ್ಷನ್ ಪಂಪ್ ಹಾಕಿ ರೇತಿ, ಅಂದರೆ ಮರಳು, ಎಳೆಯುತ್ತಿದ್ದವರ ಮೇಲೆ ದಾಳಿ, ಬಾರ್ಜ್ ದೋಣಿ ಮುಳುಗಿಸಿದರು, ಪಂಪನ್ನು ಗ್ಯಾಸ್ ಕಟರ್‌ನಿಂದ ಕತ್ತರಿಸಿದರು. ಅಂಥ ಸುದ್ದಿ ಓದಿದ ಡೊಂಬಿವಲಿಯ ಹಿರಿಯರೊಬ್ಬರು ನನ್ನನ್ನು ಕೇಳಿದರು: “ಮರಳು ಮಾತ್ರ ಇಟ್ಕೊಂಡು ಕೆಸರು ನೀರನ್ನು ವಾಪಸ್ ಬಿಡ್ತಾರಲ್ಲ ಮಾರಾಯ್ರೆ. ಹೊಳೆಯದ್ದು ಹೊಳೆಗೇ ಹೋಯ್ತು. ಹಾಳಾದದ್ದು ಏನು?”

ಒಳ್ಳೆಯ ಪ್ರಶ್ನೆ. ಮರಳು ಕದ್ದರೆ ಸರ್ಕಾರಕ್ಕೆ ರಾಯಲ್ಟಿ ನಷ್ಟ, ಅದು ಎಲ್ಲರಿಗೂ ಗೊತ್ತು. ನೀರಿಗೆ ಏನಾಗುತ್ತದೆ ಅನ್ನುವುದು ಅಷ್ಟು ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. ಇದಕ್ಕೆ ಉತ್ತರ ಕೆಸರಿನೊಳಗೇ ಇದೆ.

ಮೊದಲು ಯಂತ್ರ ನೋಡೋಣ. ಬಾರ್ಜ್ ಮೇಲೊಂದು ಡೀಸೆಲ್ ಇಂಜಿನ್, ಅದಕ್ಕೆ ಜೋಡಿಸಿದ ಪಂಪ್, ತಳಕ್ಕೆ ಇಳಿಬಿಟ್ಟ ದಪ್ಪ ಪೈಪ್. ಪೈಪಿನ ಬಾಯಿಗೆ ಸಿಕ್ಕಿದ್ದೆಲ್ಲ ಮೇಲೆ ಬರುತ್ತದೆ: ಮರಳು, ಹೂಳು, ಜೇಡಿ, ಚಿಪ್ಪು, ಹುಳ, ಮೀನಿನ ಮೊಟ್ಟೆ, ಜೊತೆಗೆ ರಾಶಿ ನೀರು. ಬಾರ್ಜಿನ ಹೊಟ್ಟೆಗೆ ಬಿದ್ದ ಕೂಡಲೇ ಮರಳು ತಳ ಸೇರುತ್ತದೆ. ಅಕ್ಕಿ ತೊಳೆದು ನೀರು ಬಸಿಯುವ ಹಾಗೆ, ಉಳಿದ ಕಂದು ನೀರು ಅಂಚಿನಿಂದ ಹರಿದು ಖಾಡಿಗೆ ಹೋಗುತ್ತದೆ. ಅಲ್ಲಿಗೆ ಕೆಲಸ ಮುಗಿಯಿತು. ಕಟ್ಟಡಕ್ಕೆ ಬೇಕಾದ್ದು ಬಾರ್ಜಿನಲ್ಲಿ, ಬೇಡದ್ದು ನೀರಿನಲ್ಲಿ.

ಎಷ್ಟು ಬೇಡದ್ದು? ಮಹಾರಾಷ್ಟ್ರದಲ್ಲಿ ಮರಳನ್ನು ಬ್ರಾಸ್ ಲೆಕ್ಕದಲ್ಲಿ ಅಳೆಯುತ್ತಾರೆ. ಒಂದು ಬ್ರಾಸ್ ಅಂದರೆ 100 ಘನ ಅಡಿ, ಸುಮಾರು 2.83 ಘನ ಮೀಟರ್. ತಳದ ಮಣ್ಣಿನಲ್ಲಿ ನೂರಕ್ಕೆ 70 ಭಾಗ ಮರಳು, 30 ಭಾಗ ಹೂಳು ಎಂದು ಇಟ್ಟುಕೊಳ್ಳಿ. ಆಗ ಪ್ರತಿ ಬ್ರಾಸ್ ಮರಳಿನ ಹಿಂದೆ ಒಂದು ಘನ ಮೀಟರಿಗಿಂತ ಜಾಸ್ತಿ ಹೂಳು ನೀರಿಗೆ ಸೇರಿತು. ಒಂದು ಬಾರ್ಜ್ ಒಂದು ಬ್ರಾಸಿಗೆ ನಿಲ್ಲುವುದಿಲ್ಲ, ಅಲ್ವಾ?

“ಸೇರಲಿ ಬಿಡಿ, ಮತ್ತೆ ತಳಕ್ಕೇ ಇಳಿಯುತ್ತಲ್ಲ” ಅನ್ನಬಹುದು. ಎಷ್ಟು ಹೊತ್ತಿಗೆ ಇಳಿಯುತ್ತದೆ ಅನ್ನುವುದೇ ಇಲ್ಲಿ ಮುಖ್ಯ. ಮನೆಯಲ್ಲೇ ಮಾಡಿ ನೋಡಬಹುದು. ಉದ್ದನೆಯ ಗಾಜಿನ ಬಾಟಲಿಯಲ್ಲಿ ನೀರು ತುಂಬಿ, ಹೊಳೆ ದಂಡೆಯ ಒಂದು ಹಿಡಿ ಮಣ್ಣು ಹಾಕಿ, ಚೆನ್ನಾಗಿ ಕುಲುಕಿ ಕಿಟಕಿ ಹತ್ತಿರ ಇಡಿ. ನೀವು ಕೈ ತೆಗೆಯುವಷ್ಟರಲ್ಲಿ ಮರಳು ಕೆಳಗೆ ಕೂತಿರುತ್ತದೆ. ಅದರ ಮೇಲೆ ಹೂಳಿನ ಪದರ ನಿಧಾನವಾಗಿ ಏರುತ್ತದೆ. ಎಲ್ಲಕ್ಕಿಂತ ಮೇಲೆ ಚಹಾದಂಥ ಬಣ್ಣದ ನೀರು ಉಳಿಯುತ್ತದೆ. ಅದು ಮರುದಿನ ಬೆಳಿಗ್ಗೆಯೂ ತಿಳಿಯಾಗಿರುವುದಿಲ್ಲ.

ಹೂಳು, ಜೇಡಿಯಂಥ ಸಣ್ಣ ಕಣಗಳಲ್ಲಿ, ಕಣ ಹತ್ತು ಪಟ್ಟು ಸಣ್ಣದಾದರೆ ಅದು ಇಳಿಯುವ ವೇಗ ನೂರು ಪಟ್ಟು ಕಡಿಮೆಯಾಗುತ್ತದೆ. 0.2 ಮಿಲಿಮೀಟರ್ ಮರಳಿನ ಕಣ ನಿಂತ ನೀರಿನಲ್ಲಿ ಸೆಕೆಂಡಿಗೆ ಸುಮಾರು 2 ಸೆಂಟಿಮೀಟರ್ ಇಳಿಯುತ್ತದೆ. 3 ಮೀಟರ್ ಆಳಕ್ಕೆ ಎರಡೂವರೆ ನಿಮಿಷ ಸಾಕು. 0.01 ಮಿಲಿಮೀಟರ್ ಹೂಳಿನ ಕಣಕ್ಕೆ ಅದೇ 3 ಮೀಟರ್ ಇಳಿಯಲು ಸುಮಾರು 9 ಗಂಟೆ ಬೇಕು. ಜೇಡಿಯ ಕಣ ಇನ್ನೂ ಸಣ್ಣದು, 0.002 ಮಿಲಿಮೀಟರ್. ಅದಕ್ಕೆ ಒಂಬತ್ತು ದಿನಕ್ಕಿಂತ ಹೆಚ್ಚು. ಉಪ್ಪು ನೀರಿನಲ್ಲಿ ಜೇಡಿಯ ಕಣಗಳು ಒಂದಕ್ಕೊಂದು ಅಂಟಿಕೊಂಡು ಗಂಟಾಗಿ ಸ್ವಲ್ಪ ಬೇಗ ಇಳಿಯುತ್ತವೆ, ನಿಜ. ಆದರೆ ಖಾಡಿಯ ನೀರು ನಿಂತ ನೀರಲ್ಲ. ಸುಮಾರು ಆರು ಗಂಟೆಗೊಮ್ಮೆ ಭರತ ಇಳಿತದ ದಿಕ್ಕು ಬದಲಾಗುತ್ತದೆ. ಹೂಳು ತಳ ಸೇರುವ ಮೊದಲೇ ನೀರು ಅದನ್ನು ಮೇಲಕ್ಕೂ ಕೆಳಕ್ಕೂ ಒಯ್ದಿರುತ್ತದೆ. ಥಾಣೆ ಪಕ್ಕದ ಕಲ್ವಾ ಹತ್ತಿರ ಎದ್ದ ಕೆಸರು ಕಲ್ವಾದಲ್ಲೇ ಕೂರಬೇಕು ಅಂತೇನೂ ಇಲ್ಲ.

ಇಷ್ಟೇ ಆಗಿದ್ದರೆ ನೀರು ಕದಡಿತು, ಬಿಸಿಲು ಒಳಗೆ ಇಳಿಯಲಿಲ್ಲ, ತಿಸ್ರ್ಯಾ ಚಿಪ್ಪುಗಳ (ನಮ್ಮ ಮರುವಾಯಿ) ಉಸಿರು ಕಟ್ಟಿತು ಎಂದು ಹೇಳಿ ಮುಗಿಸಬಹುದಿತ್ತು. ಅದೇ ಸಣ್ಣ ಹಾನಿಯಲ್ಲ. ಈ ಚಿಪ್ಪುಗಳು ನೀರನ್ನು ಸೋಸಿಯೇ ಹೊಟ್ಟೆ ತುಂಬಿಸಿಕೊಳ್ಳುವ ಜೀವಿಗಳು. ಆದರೆ ನನ್ನನ್ನು ಹೆಚ್ಚು ಕಾಡುವುದು ಕೆಸರಿನ ಬಣ್ಣ.

ಇಳಿತದ ಹೊತ್ತಿನಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬುಡದಲ್ಲಿ ಖಾಡಿಯ ಕೆಸರನ್ನು ಕೋಲಿನಿಂದ ಕೆದಕಿ ನೋಡಿ. ಮೇಲೆ ತೆಳ್ಳಗೆ ಕಂದು ಪದರ. ಒಂದೆರಡು ಬೆರಳು ಕೆಳಗೆ ಹೋದರೆ ಕಡುಕಪ್ಪು. ಜೊತೆಗೆ ಕೊಳೆತ ಮೊಟ್ಟೆಯ ವಾಸನೆ. ಕಂದು ಪದರಕ್ಕೆ ಆಮ್ಲಜನಕ ಸಿಗುತ್ತದೆ, ಕೆಳಗಿನ ಕಪ್ಪಿಗೆ ಸಿಗುವುದಿಲ್ಲ. ಆಮ್ಲಜನಕ ಇಲ್ಲದ ಕಡೆ ಬದುಕುವ ಬ್ಯಾಕ್ಟೀರಿಯಾಗಳು ಸಮುದ್ರದ ನೀರಿನ ಸಲ್ಫೇಟನ್ನು ಸಲ್ಫೈಡ್ ಮಾಡುತ್ತವೆ. ವಾಸನೆ ಅದರದ್ದು. ಸಲ್ಫೈಡ್ ಕಬ್ಬಿಣದ ಜೊತೆ ಸೇರಿದಾಗ ಕಪ್ಪು ಬಣ್ಣ ಬರುತ್ತದೆ. ಸತು, ತಾಮ್ರ, ಸೀಸ, ಪಾದರಸ ಬಂದರೂ ಅವನ್ನು ಹೀಗೆಯೇ ಹಿಡಿದಿಟ್ಟುಕೊಳ್ಳುತ್ತದೆ. ಅಂದರೆ ಕಪ್ಪು ಕೆಸರು ಒಂದು ರೀತಿಯಲ್ಲಿ ನಮಗೆ ಉಪಕಾರ ಮಾಡುತ್ತಿದೆ. ಕಾರ್ಖಾನೆಗಳು ಬಿಟ್ಟ ಲೋಹಗಳನ್ನು ಹೂತಿಟ್ಟು, ಅದರ ಮೇಲೆ ವರ್ಷವರ್ಷವೂ ಹೊಸ ಹೂಳು ಹೊದಿಸುತ್ತಿದೆ.

ಪಂಪ್ ಈ ಕಪ್ಪು ಕೆಸರನ್ನು ಕಿತ್ತು ಆಮ್ಲಜನಕ ಇರುವ ನೀರಿಗೆ ಎರಚುತ್ತದೆ. ಆಗ ಎರಡು ಅನಾಹುತ ಒಟ್ಟಿಗೇ ಆಗುತ್ತವೆ. ಸಲ್ಫೈಡ್ ನೀರಿನಲ್ಲಿರುವ ಆಮ್ಲಜನಕವನ್ನು ಬಳಸಿಕೊಳ್ಳುತ್ತದೆ. ನಗರದ ಕೊಳಚೆಯಿಂದ ಮೊದಲೇ ಬಡವಾದ ಖಾಡಿಯಲ್ಲಿ ಮೀನಿಗೆ ಉಸಿರಾಡಲು ಇನ್ನೂ ಕಡಿಮೆ ಉಳಿಯುತ್ತದೆ. ಇನ್ನೊಂದು ಕಡೆ, ಸಲ್ಫೈಡ್ ಕರಗಿದಂತೆ ಅದು ಹಿಡಿದಿಟ್ಟಿದ್ದ ಲೋಹಗಳಿಗೆ ಬಿಡುಗಡೆ. ಲೋಹಗಳು ಹೆಚ್ಚಾಗಿ ಅಂಟಿಕೊಳ್ಳುವುದು ಅತಿ ಸಣ್ಣ ಕಣಗಳಿಗೆ. ಸಣ್ಣ ಕಣಗಳ ಒಟ್ಟು ಮೈ ದೊಡ್ಡದು, ಅಂಟಲು ಜಾಗ ಜಾಸ್ತಿ. ಬಾರ್ಜ್ ಇಟ್ಟುಕೊಳ್ಳುವುದು ದಪ್ಪ ಮರಳನ್ನು, ವಾಪಸ್ ಬಿಡುವುದು ಈ ಸಣ್ಣ ಕಣಗಳನ್ನೇ.

ಉಲ್ಲಾಸ್ ಖಾಡಿಯ ಮಟ್ಟಿಗೆ ಇದು ಬರೀ ಊಹೆಯಲ್ಲ. ಈ ನದಿ ಕರ್ಜತ್ ಕಡೆಯ ಬೆಟ್ಟಗಳಿಂದ ಇಳಿದು, ಬದ್ಲಾಪುರ, ಕಲ್ಯಾಣ ದಾಟಿ, ಥಾಣೆಯ ಹತ್ತಿರ ಬಂದು ವಸಾಯಿ ಖಾಡಿಯಾಗಿ ಸಮುದ್ರ ಸೇರುತ್ತದೆ. ದಂಡೆಯ ಉದ್ದಕ್ಕೂ ದಶಕಗಳಿಂದ ಕಾರ್ಖಾನೆಗಳಿವೆ. ಉಪ್ಪು ನೀರಿನಿಂದ ಕಾಸ್ಟಿಕ್ ಸೋಡಾ ಮತ್ತು ಕ್ಲೋರಿನ್ ತಯಾರಿಸಲು ಹಿಂದೆ ಪಾದರಸದ ಸೆಲ್ ಬಳಸುತ್ತಿದ್ದರು. ದೇಶದಲ್ಲಿ ಈಗ ಅದರ ಜಾಗಕ್ಕೆ ಮೆಂಬ್ರೇನ್ ತಂತ್ರ ಬಂದಿದೆ. ಹಳೆಯ ಪಾದರಸ ಮಾತ್ರ ಎಲ್ಲಿಗೂ ಹೋಗಿಲ್ಲ. ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯ ಮುಂಬೈ ಕೇಂದ್ರದ ವಿಜ್ಞಾನಿಗಳು ಉಲ್ಲಾಸ್ ಅಳಿವೆಯ ತಳದ ಕೆಸರಿನಲ್ಲಿ ಪಾದರಸ ಇರುವುದನ್ನು ಅಳೆದು 2003ರಲ್ಲೇ ಪ್ರಕಟಿಸಿದ್ದಾರೆ. ಕೆಸರಿನ ಬ್ಯಾಕ್ಟೀರಿಯಾಗಳ ಕೈಗೆ ಸಿಕ್ಕರೆ ಪಾದರಸ ಮೀಥೈಲ್ ಪಾದರಸವಾಗುತ್ತದೆ. ಸಣ್ಣ ಜೀವಿಯಿಂದ ಸಣ್ಣ ಮೀನಿಗೆ, ಅಲ್ಲಿಂದ ದೊಡ್ಡ ಮೀನಿಗೆ, ಕೊನೆಗೆ ತಟ್ಟೆಗೆ ಬರುತ್ತಾ ಪ್ರತಿ ಹಂತದಲ್ಲೂ ಅದರ ಪ್ರಮಾಣ ಏರುತ್ತದೆ. ಜಪಾನಿನ ಮಿನಮಾಟದಲ್ಲಿ 1956ರಲ್ಲಿ ಬೆಳಕಿಗೆ ಬಂದ ರೋಗ ಇದೇ ವಿಷದ್ದು.

ಇನ್ನು ಅಮೆರಿಕದ ಕಥೆ. ಕ್ಯಾಲಿಫೋರ್ನಿಯಾದಲ್ಲಿ 19ನೇ ಶತಮಾನದಲ್ಲಿ ಚಿನ್ನ ತೆಗೆಯಲು ಪಾದರಸ ಬಳಸಿದರು. ಅದರಲ್ಲಿ ಸುಮಾರು 4,500 ಟನ್ ಪರಿಸರಕ್ಕೆ ಸೋರಿತು ಎಂದು ಅಲ್ಲಿನ ಭೂವಿಜ್ಞಾನ ಸಂಸ್ಥೆ ಅಂದಾಜು ಮಾಡಿದೆ. ನೂರು ವರ್ಷ ಕಳೆದ ಮೇಲೆ ಚಿನ್ನ ಹುಡುಕುವ ಹವ್ಯಾಸಿಗಳು ಸಣ್ಣ ಸಕ್ಷನ್ ಡ್ರೆಜ್ (ತಳದ ಮಣ್ಣು ಹೀರುವ ಯಂತ್ರ) ಹಿಡಿದು ಅದೇ ನದಿಗಳಿಗೆ ಇಳಿದರು. ಬಹಳಷ್ಟು ಯಂತ್ರಗಳ ಪೈಪಿನ ಬಾಯಿ ನಾಲ್ಕೈದು ಇಂಚು, ಅಷ್ಟೇ. “ನಾವು ನದಿಯಲ್ಲಿದ್ದ ಪಾದರಸ ಹೆಕ್ಕಿ ತೆಗೆಯುತ್ತೇವೆ, ನದಿಗೆ ಒಳ್ಳೆಯದೇ ಆಗುತ್ತದೆ” ಎಂದು ಅವರ ವಾದ. ರಾಜ್ಯದ ಜಲ ಮಂಡಳಿ ಇದನ್ನು ‘ಅಮೆರಿಕನ್’ ಎಂಬ ಹೆಸರಿನ ನದಿಯ ದಕ್ಷಿಣ ಕವಲಿನಲ್ಲಿ ಪರೀಕ್ಷಿಸಿತು. ಫಲಿತಾಂಶ 2005ರಲ್ಲಿ ಬಂತು. ಯಂತ್ರ ನೂರಕ್ಕೆ 98 ಭಾಗ ಪಾದರಸವನ್ನು ಹಿಡಿದಿತ್ತು! ವಾದ ಗೆದ್ದಿತು ಅಂದುಕೊಳ್ಳಬೇಡಿ. ಉಳಿದದ್ದು ನುಣ್ಣಗೆ ಒಡೆದು ಹೂಳಿನ ಜೊತೆ ಹೊರಗೆ ಹೋಗಿತ್ತು. ಆ ಹೂಳಿನಲ್ಲಿದ್ದ ಪಾದರಸ, ಅಪಾಯಕಾರಿ ತ್ಯಾಜ್ಯ ಎಂದು ಕರೆಯಲು ಬೇಕಾದ ಮಟ್ಟಕ್ಕಿಂತ ಹತ್ತು ಪಟ್ಟಿಗೂ ಜಾಸ್ತಿ. ನಮ್ಮ ಖಾಡಿಯ ಬಾರ್ಜುಗಳಲ್ಲಿ ಪಾದರಸ ಹಿಡಿಯುವ ಏರ್ಪಾಡೇ ಇಲ್ಲ.

ಕ್ಲಾಮತ್ ನದಿಯ ಸಾಮನ್ ಮೀನನ್ನು ನೆಚ್ಚಿದ ಕರೂಕ್ ಬುಡಕಟ್ಟಿನವರು ಮೊದಲು ಕೋರ್ಟಿಗೆ ಹೋದರು. 2009ರಲ್ಲಿ ಕ್ಯಾಲಿಫೋರ್ನಿಯಾ ಈ ಯಂತ್ರಗಳನ್ನು ನಿಲ್ಲಿಸಿತು. 2015ರ ಕಾನೂನು ಇದನ್ನು ನೀರಿನ ಗುಣಮಟ್ಟದ ಪರವಾನಗಿಯ ವ್ಯಾಪ್ತಿಗೆ ತಂದಿತು. ಪಕ್ಕದ ಆರೆಗಾನ್ ರಾಜ್ಯದಲ್ಲಿ ಗಣಿಯವರು ಎತ್ತಿದ್ದು ಡೊಂಬಿವಲಿಯ ಹಿರಿಯರ ಪ್ರಶ್ನೆಯನ್ನೇ: ನಾವು ಹೊರಗಿನಿಂದ ಏನನ್ನೂ ಸೇರಿಸುತ್ತಿಲ್ಲ, ನದಿಯದ್ದನ್ನು ನದಿಗೇ ಬಿಟ್ಟರೆ ಅದು ಮಾಲಿನ್ಯ ಹೇಗಾಗುತ್ತದೆ? 2019ರಲ್ಲಿ ಆ ರಾಜ್ಯದ ಸುಪ್ರೀಂ ಕೋರ್ಟ್ ಈ ವಾದ ಒಪ್ಪಲಿಲ್ಲ. ತಳದಿಂದ ಕಿತ್ತು ನೀರಿಗೆ ಎರಚಿದ ಹೂಳನ್ನು ಮಾಲಿನ್ಯ ಎಂದು ಪರಿಗಣಿಸಿ ಪರವಾನಗಿ ಕೇಳಬಹುದು ಎಂದಿತು.

ನಮ್ಮಲ್ಲಿ ಕಾನೂನು ಇಲ್ಲವೇ? ಬೇಕಾದಷ್ಟಿದೆ. 1957ರ ಗಣಿ ಕಾಯ್ದೆಯಲ್ಲಿ ಮರಳು ಉಪಖನಿಜ, ಅದರ ನಿಯಮ ಮಾಡುವುದು ರಾಜ್ಯ ಸರ್ಕಾರ. 2010ರಲ್ಲಿ ಬಾಂಬೆ ಹೈಕೋರ್ಟ್ ಮಹಾರಾಷ್ಟ್ರದಲ್ಲಿ ಮರಳುಗಾರಿಕೆಗೆ ತಡೆ ಹಾಕಿತ್ತು. ಆ ಹೋರಾಟದ ಹಿಂದೆ ಇದ್ದವರು ಆವಾಜ್ ಫೌಂಡೇಶನ್‌ನ ಸುಮೈರಾ ಅಬ್ದುಲಾಲಿ. ಮರಳು ಲೂಟಿ ತಡೆಯಲು ಹೋಗಿ 2004ರಲ್ಲಿ ಅವರು ಪೆಟ್ಟು ತಿಂದಿದ್ದರು. 2012ರಲ್ಲಿ ಸುಪ್ರೀಂ ಕೋರ್ಟ್, ಐದು ಹೆಕ್ಟೇರಿಗಿಂತ ಸಣ್ಣ ಗುತ್ತಿಗೆಗೂ ಪರಿಸರ ಅನುಮತಿ ಬೇಕು ಎಂದಿತು. 2016ರಲ್ಲಿ, ಮತ್ತೆ 2020ರಲ್ಲಿ ಕೇಂದ್ರದ ಮಾರ್ಗಸೂಚಿಗಳು ಬಂದವು. ತಳದಿಂದ 3 ಮೀಟರ್‌ಗಿಂತ ಆಳಕ್ಕೆ ತೋಡಬಾರದು, ನದಿ ಪ್ರತಿವರ್ಷ ಎಷ್ಟು ಮರಳು ತರುತ್ತದೋ ಅದನ್ನು ಅಧ್ಯಯನ ಮಾಡಬೇಕು, ಲಾರಿಗೆ ಜಿಪಿಎಸ್ ಇರಬೇಕು, ಸಿಸಿಟಿವಿ ಇರಬೇಕು.

ಇವೆಲ್ಲ ಬೇಕಾದ ನಿಯಮಗಳೇ. ಆದರೆ ಹೆಚ್ಚಿನವು ಮರಳಿನ ಬೆನ್ನು ಹತ್ತಿವೆ. ಎಷ್ಟು ಬ್ರಾಸ್ ಹೋಯಿತು, ಯಾವ ಲಾರಿಯಲ್ಲಿ ಹೋಯಿತು, ರಾಯಲ್ಟಿ ಬಂತೋ ಇಲ್ಲವೋ ಎಂದು ನೋಡುತ್ತವೆ. ಲಾರಿಗೆ ಹತ್ತದೆ ನೀರಿನಲ್ಲೇ ಉಳಿದ ಹೂಳಿನ ಲೆಕ್ಕ ಇಡುವವರು ಯಾರು? ನೀರಿನಡಿ ಓಡಾಡುವ ಪೈಪು 3 ಮೀಟರಿನಲ್ಲೇ ನಿಂತಿತು ಎಂದು ರಾತ್ರಿ ಹೊತ್ತು ಅಳೆಯುವವರು ಯಾರು? ಹಾಗಾಗಿ ನನ್ನ ಅಭಿಪ್ರಾಯ ನೇರವಾಗಿದೆ: ಖಾಡಿಯ ಸಕ್ಷನ್ ಪಂಪನ್ನು ಕಳ್ಳತನದ ಸಾಧನ ಎಂದು ನೋಡಿದ್ದು ಸಾಲದು, ಕೊಳಚೆ ಬಿಡುವ ಕಾರ್ಖಾನೆಯ ಪೈಪು ಎಂದೇ ನೋಡಬೇಕು. ಅದಕ್ಕೆ ಹೊಸ ಕಾನೂನು ಬೇಕಾಗಿಲ್ಲ. 1974ರ ಜಲ ಮಾಲಿನ್ಯ ಕಾಯ್ದೆ, ನೀರಿನ ಭೌತಿಕ, ರಾಸಾಯನಿಕ ಅಥವಾ ಜೈವಿಕ ಗುಣ ಕೆಡುವ ಹಾಗೆ ಬದಲಾದರೂ ಅದನ್ನು ಮಾಲಿನ್ಯ ಎಂದೇ ಕರೆಯುತ್ತದೆ. ನೀರು ಕದಡುವುದು ಭೌತಿಕ ಬದಲಾವಣೆ, ಲೋಹ ಬಿಡುಗಡೆಯಾಗುವುದು ರಾಸಾಯನಿಕ ಬದಲಾವಣೆ.

ಇದನ್ನು ಪರವಾನಗಿ ಇಲ್ಲದ ಪಂಪುಗಳಿಗೆ ಮಾತ್ರ ಹೇಳಿ ಸುಮ್ನೆ ಇರಲಾಗದು. ವಸಾಯಿ ಖಾಡಿ ಮತ್ತು ಉಲ್ಲಾಸ್ ನದಿ ಈಗ ರಾಷ್ಟ್ರೀಯ ಜಲಮಾರ್ಗ 53. ದೋಣಿ ಓಡಬೇಕಾದರೆ ಹೂಳೆತ್ತುವ ಕೆಲಸ ಬಂದೇ ಬರುತ್ತದೆ, ಅದೂ ಕಾನೂನಿನ ಪ್ರಕಾರವೇ. ಅಲ್ಲಿಗೂ ಅದೇ ಷರತ್ತು ಬೇಕು. ಪೈಪು ಇಳಿಸುವ ಮೊದಲು ತಳದ ಕೆಸರನ್ನು ಕೊಳವೆಯಲ್ಲಿ ಮೇಲೆತ್ತಿ, ಪದರ ಪದರವಾಗಿ ಪಾದರಸ ಮತ್ತು ಇತರ ಲೋಹಗಳನ್ನು ಪರೀಕ್ಷಿಸಬೇಕು. ಲೋಹ ಜಾಸ್ತಿ ಇರುವ ಜಾಗವನ್ನು ಮುಟ್ಟಬಾರದು. ಎತ್ತಿದ ನೀರನ್ನು ನೇರ ಖಾಡಿಗೆ ಚೆಲ್ಲದೆ ದಡದ ಹೊಂಡದಲ್ಲಿ ತಿಳಿಯಾಗಲು ಬಿಡಬೇಕು. ಕೆಲಸ ನಡೆಯುವ ಜಾಗದ ಎರಡೂ ಕಡೆ ನೀರಿನ ಕದಡು ಅಳೆಯುವ ಸೆನ್ಸರ್ ಇಟ್ಟು, ಮಿತಿ ದಾಟಿದ ಕೂಡಲೇ ಪಂಪ್ ನಿಲ್ಲಿಸಬೇಕು. ಖರ್ಚು ಹೆಚ್ಚಾಗುತ್ತದೆ, ಹೌದು. ಈಗ ಆ ಖರ್ಚನ್ನು ಕೋಳಿ ಸಮುದಾಯದ ಮೀನುಗಾರರು ಬಲೆ ಖಾಲಿ ಬಂದ ದಿನಗಳಲ್ಲಿ ಕಟ್ಟುತ್ತಿದ್ದಾರೆ.

ಕೈಯಿಂದ ಮರಳು ಎತ್ತುವವರ ಮಾತೇ ಬೇರೆ. ಇಲ್ಲಿ ಅದಕ್ಕೆ ಹಾತ್‌ಪಾಟಿ ಎನ್ನುತ್ತಾರೆ. ಬಕೆಟ್ ಹಿಡಿದು ಮುಳುಗುವ ಮನುಷ್ಯ ಮೇಲ್ಪದರದ ಮರಳನ್ನಷ್ಟೇ ತರಬಲ್ಲ, ಅವನ ಉಸಿರಿಗೆ ಒಂದು ಮಿತಿ ಇದೆ. ಪಂಪು ಬಂದ ಕಡೆ ಮೊದಲು ಕೆಲಸ ಕಳೆದುಕೊಳ್ಳುವುದೂ ಅವನೇ. ಎರಡನ್ನೂ ಒಂದೇ ತಕ್ಕಡಿಗೆ ಹಾಕಿ ನಿಷೇಧಿಸಿದರೆ ಅನ್ಯಾಯವಾಗುತ್ತದೆ.

ಥಾಣೆ, ಪಾಲಘರ್ ಕಡೆ ಇರುವ ಕನ್ನಡಿಗರಿಗೆ ಒಂದು ದಾರಿ ಇದೆ, ಅದು ಹೆಚ್ಚಿನವರಿಗೆ ಗೊತ್ತಿಲ್ಲ. ಯಾವ ಜಿಲ್ಲೆಯಲ್ಲಿ ಎಲ್ಲಿ ಎಷ್ಟು ಮರಳು ತೆಗೆಯಬಹುದು ಎಂಬ ಜಿಲ್ಲಾ ಸಮೀಕ್ಷಾ ವರದಿಯ ಕರಡನ್ನು ಕಲೆಕ್ಟರ್ ಕಚೇರಿಯಲ್ಲೂ ಜಿಲ್ಲೆಯ ವೆಬ್‌ಸೈಟಿನಲ್ಲೂ 21 ದಿನ ಸಾರ್ವಜನಿಕರ ಮುಂದೆ ಇಡಬೇಕು ಎಂದು 2016ರ ಅಧಿಸೂಚನೆ ಹೇಳುತ್ತದೆ. ಆ 21 ದಿನಗಳಲ್ಲಿ ಯಾರು ಬೇಕಾದರೂ ಆಕ್ಷೇಪ ಬರೆಯಬಹುದು. ಮರಾಠಿಯಲ್ಲಿ ಒಂದು ಪುಟ ಬರೆಯಬಲ್ಲವರು ನಮ್ಮ ಪ್ರತಿ ಸಂಘದಲ್ಲೂ ಇದ್ದಾರೆ. ಮುಂದಿನ ಕರಡು ಬಂದಾಗ ಎರಡು ಪ್ರಶ್ನೆ ಕೇಳಿ: ಈ ಜಾಗದ ತಳದ ಕೆಸರಿನಲ್ಲಿ ಪಾದರಸ ಎಷ್ಟಿದೆ? ಮರಳು ತೆಗೆದ ಮೇಲೆ ಉಳಿಯುವ ಹೂಳು ಎಲ್ಲಿಗೆ ಹೋಗುತ್ತದೆ?