‘ರೋಜರ್’ ಎಂದರೆ ‘ಸರಿ’ ಎಂದಲ್ಲ

ವಿಮಾನ ಸಂಚಾರ ನಿಯಂತ್ರಕನ ಕೆಲಸದಿಂದ ನಿವೃತ್ತನಾಗಿ ದಾವಣಗೆರೆಗೆ ಮರಳಿದ ಮೇಲೆ, ಭಾನುವಾರ ಬೆಳಿಗ್ಗೆ ನಮ್ಮ ಮನೆಯ ವರಾಂಡದಲ್ಲಿ ನಾಲ್ಕೈದು ಹುಡುಗ ಹುಡುಗಿಯರು ಸೇರುತ್ತಾರೆ. ಎಲ್ಲರೂ ಇದೇ ಹುದ್ದೆಯ ಪರೀಕ್ಷೆಗೆ ಓದುತ್ತಿರುವವರು. ಲೆಕ್ಕದಲ್ಲಿ, ಭೌತಶಾಸ್ತ್ರದಲ್ಲಿ ನನಗಿಂತ ಚುರುಕು. ಅವರಿಗಿರುವ ಅಂಜಿಕೆ ಒಂದೇ: ‘ಸರ್, ನಮ್ಮ ಇಂಗ್ಲಿಷ್...’

ಇಂಗ್ಲಿಷ್ ಕಲಿತರೆ ಬರುತ್ತದೆ. ನನ್ನ ತಾಳ್ಮೆ ಕೆಡಿಸುವುದು ಬೇರೆಯದು.

ಅಭ್ಯಾಸಕ್ಕೆಂದು ನಾನು ಪೈಲಟ್ ಆಗುತ್ತೇನೆ, ಅವರು ಟವರ್, ಅಂದರೆ ನಿಯಂತ್ರಕರು. ‘ರನ್‌ವೇ ಝೀರೋ ನೈನರ್ ರೈಟ್, ಕ್ಲಿಯರ್ಡ್ ಟು ಲ್ಯಾಂಡ್’ ಎಂದು ಅವರು ಸ್ಪಷ್ಟವಾಗಿಯೇ ಇಳಿಯಲು ಅನುಮತಿ ಕೊಡುತ್ತಾರೆ (ರೇಡಿಯೊ ಮಾತಿನಲ್ಲಿ ‘ನೈನರ್’ ಎಂದರೆ ಒಂಬತ್ತು). ಕೇಳಿದ್ದನ್ನು ಪೈಲಟ್ ತಿರುಗಿ ಹೇಳಬೇಕು, ಅದಕ್ಕೆ ಮರಳಿ ಓದುವುದು ಎನ್ನುತ್ತೇವೆ; ನಾನು ಬೇಕೆಂದೇ ‘ಝೀರೋ ನೈನರ್ ಲೆಫ್ಟ್’ ಎಂದು ಮರಳಿ ಓದುತ್ತೇನೆ. ಬೆಂಗಳೂರಿನಲ್ಲಿ ಈ ಎರಡೂ ರನ್‌ವೇಗಳು ಅಕ್ಕಪಕ್ಕದಲ್ಲಿಯೇ ಇವೆ. ಟವರ್ ಏನೆನ್ನುತ್ತದೆ? ‘ರೋಜರ್!’ ಪ್ರತಿ ವಾರವೂ ಇದೇ ಕಥೆ.

‘ರೋಜರ್’ ಎಂದರೆ ನೀವು ಕಳುಹಿಸಿದ ಮಾತು ನನಗೆ ಪೂರ್ತಿ ತಲುಪಿತು ಎಂದಷ್ಟೇ ಅರ್ಥ. ಒಪ್ಪಿದೆ, ಹಾಗೆಯೇ ಮಾಡುತ್ತೇನೆ, ನೀವು ಹೇಳಿದ್ದು ಸರಿ, ಇವು ಯಾವುವೂ ಅದರೊಳಗಿಲ್ಲ. ಆದ್ದರಿಂದಲೇ ರನ್‌ವೇ, ಎತ್ತರ, ದಿಕ್ಕು, ವೇಗ, ಎತ್ತರಮಾಪಕಕ್ಕೆ ಹೊಂದಿಸುವ ಗಾಳಿಯ ಒತ್ತಡದ ಅಂಕಿ ಇಂಥವನ್ನು ಪೈಲಟ್ ಅಕ್ಷರಶಃ ಮರಳಿ ಓದಬೇಕು. ಗಾಳಿಯ ವೇಗವನ್ನು ಓದಬೇಕಾಗಿಲ್ಲ. ಹೀಗೆ ಓದುವುದು ಶಿಷ್ಟಾಚಾರಕ್ಕಲ್ಲ, ನಿಯಂತ್ರಕ ಅದನ್ನು ತಾನು ಹೇಳಿದ್ದರ ಜೊತೆ ತಾಳೆ ನೋಡಲಿ ಎಂದು. ಓದುವುದು ಅರ್ಧ ಕೆಲಸ, ಕೇಳಿಸಿಕೊಳ್ಳುವುದು ಉಳಿದರ್ಧ. ಮಾತಾಡಿ ಮುಗಿಸಿದವನ ಮನಸ್ಸು ಆಗಲೇ ಮುಂದಿನ ವಿಮಾನದ ಮೇಲಿರುತ್ತದೆ. ಕಿವಿಗೆ ಬೀಳುವುದು ತಾನು ನಿರೀಕ್ಷಿಸಿದ ಉತ್ತರವೇ.

ಮೈಸೂರಿನ ಗೆಳೆಯರೊಬ್ಬರು ಬಂದಿದ್ದಾಗ ದೋಸೆ ಹೋಟೆಲಿಗೆ ಕರೆದೊಯ್ದಿದ್ದೆ. ಸಪ್ಲೈಯರ್ ಒಳಗೆ ಮುಖ ಮಾಡಿ ‘ಎರಡು ಬೆಣ್ಣೆ ಖಾಲಿ’ ಎಂದು ಕೂಗಿದ. ಗೆಳೆಯರು ಎದ್ದೇ ಬಿಟ್ಟರು: ‘ನಡೆಯಿರಿ, ಬೆಣ್ಣೆಯೇ ಮುಗಿದ ಮೇಲೆ ಇಲ್ಲಿ ಏನು ತಿನ್ನುವುದು?’ ಖಾಲಿ ದೋಸೆಯ ಊರಿನವನಾದ ನನಗೆ ಅದರಲ್ಲಿ ಎರಡರ್ಥವಿದೆ ಎಂದು ಅಲ್ಲಿಯವರೆಗೆ ಹೊಳೆದೇ ಇರಲಿಲ್ಲ. ನಾನು ಗಮನಿಸಿದ್ದು ಇನ್ನೊಂದನ್ನು. ಕಾವಲಿಯ ಮುಂದಿದ್ದವನು ‘ಎರಡು ಬೆಣ್ಣೆ ಖಾಲಿ’ ಎಂದು ತಿರುಗಿ ಹೇಳುವವರೆಗೂ ಸಪ್ಲೈಯರ್ ಅಲ್ಲಿಂದ ಕದಲಲಿಲ್ಲ.

1989ರ ಫೆಬ್ರುವರಿ 19ರಂದು ಕ್ವಾಲಾಲಂಪುರದ ಸುಬಾಂಗ್ ನಿಲ್ದಾಣಕ್ಕೆ ಸರಕು ಸಾಗಣೆಯ ಬೋಯಿಂಗ್ 747 ಇಳಿಯಲು ಬರುತ್ತಿತ್ತು. ನಿಯಂತ್ರಕ ಅದನ್ನು 2,400 ಅಡಿಗೆ ಇಳಿಸಲೆಂದು ‘ಡಿಸೆಂಡ್ ಟು ಫೋರ್ ಝೀರೋ ಝೀರೋ’ ಎಂದ. ಇಂಗ್ಲಿಷಿನ ‘ಟು’ ಎರಡು ಎಂಬ ಅಂಕಿಯೂ ಹೌದು, ನಮ್ಮ ‘-ಕ್ಕೆ’ ಪ್ರತ್ಯಯವೂ ಹೌದು. ಪೈಲಟ್‌ಗೆ ಕೇಳಿಸಿದ್ದು ‘ನಾನೂರಕ್ಕೆ’. ‘ಓಕೆ, ಫೋರ್ ಝೀರೋ ಝೀರೋ’ ಎಂದ. ಯಾರೂ ತಿದ್ದಲಿಲ್ಲ. ವಿಮಾನ ಗುಡ್ಡಕ್ಕೆ ಬಡಿಯಿತು, ಒಳಗಿದ್ದ ನಾಲ್ವರೂ ಸತ್ತರು. ಅಪಘಾತಕ್ಕೆ ಬೇರೆ ಕಾರಣಗಳೂ ಸೇರಿದ್ದವು. ಭೂಮಿ ಹತ್ತಿರವಾಯಿತೆಂದು ಯಂತ್ರವೇ ಎಚ್ಚರಿಸುತ್ತಿತ್ತು. ಆದರೆ ತಿದ್ದಲು ಸಿಕ್ಕ ಅತ್ಯಂತ ಅಗ್ಗದ ಅವಕಾಶ ಆ ಮರು ಓದಿನಲ್ಲಿಯೇ ಇತ್ತು.

ತಪ್ಪು ಪೈಲಟ್‌ನದೇ ಆಗಬೇಕೆಂದೇನೂ ಇಲ್ಲ. 2022ರ ಮೇ 23ರಂದು ಪ್ಯಾರಿಸ್ಸಿನಲ್ಲಿ ನಿಯಂತ್ರಕಿಯೇ ಒತ್ತಡವನ್ನು 1001ರ ಬದಲು 1011 ಎಂದು ಹೇಳಿದರು. ಪೈಲಟ್ 1011 ಎಂದೇ ಓದಿದರು, ತಪ್ಪು ನಿಯಂತ್ರಕಿಯ ಗಮನಕ್ಕೆ ಬರಲಿಲ್ಲ. ಒತ್ತಡದ ಅಂಕಿಯಲ್ಲಿ ಹತ್ತು ಹೆಕ್ಟೊಪಾಸ್ಕಲ್ ತಪ್ಪಿದರೆ ಎತ್ತರದಲ್ಲಿ ಸುಮಾರು 280 ಅಡಿ ತಪ್ಪುತ್ತದೆ. ಎತ್ತರಮಾಪಕ ತೋರಿಸಿದ್ದಕ್ಕಿಂತ ಅಷ್ಟು ಕೆಳಗಿದ್ದ ಆ ವಿಮಾನ, ರನ್‌ವೇ ಇನ್ನೂ ಮುಂದಿರುವಾಗಲೇ ನೆಲದಿಂದ ಆರು ಅಡಿಯವರೆಗೆ ಬಂದು ಮೇಲೇರಿ ಹೋಯಿತು. ಆರು ಅಡಿ! ನಮ್ಮ ವರಾಂಡದ ಬಾಗಿಲಿನಷ್ಟೂ ಇಲ್ಲ.

‘ಚಳ್ಳಕೆರೆಯಲ್ಲಿ ಇಸ್ರೊದ ಪೈಲಟ್ ಇಲ್ಲದ ವಾಹನ ತನ್ನಷ್ಟಕ್ಕೆ ತಾನೇ ಇಳಿಯಿತಲ್ಲ ಸರ್, ಇನ್ನು ಈ ಮಾತುಕತೆ ಏಕೆ?’ ಎಂದು ಒಬ್ಬ ಕೇಳುತ್ತಾನೆ. 2023ರ ಏಪ್ರಿಲ್ 2ರಂದು ಚಿನೂಕ್ ಹೆಲಿಕಾಪ್ಟರ್ ನಾಲ್ಕೂವರೆ ಕಿಲೋಮೀಟರ್ ಎತ್ತರದಿಂದ ಬಿಟ್ಟದ್ದು ಸೊಗಸಾಗಿ ಇಳಿದದ್ದು ನಿಜ. ಆದರೆ ಅದಕ್ಕೆ ಹಿಂದೊಂದು, ಮುಂದೊಂದು ವಿಮಾನದ ಸಾಲಿರಲಿಲ್ಲ ಕಣಪ್ಪ.

ನಿಯಮಗಳು ಪರಿಷ್ಕರಣೆಯಾಗುತ್ತಿರುತ್ತವೆ, ಪರೀಕ್ಷೆಗೆ ಚಾಲ್ತಿಯಲ್ಲಿರುವ ಕೈಪಿಡಿಯನ್ನೇ ಓದಬೇಕು, ನನ್ನ ಮಾತನ್ನಲ್ಲ. ಕಳೆದ ಭಾನುವಾರ ಹರಿಹರದಿಂದ ಬರುವ ಹುಡುಗಿ ಟವರ್ ಆಗಿದ್ದಳು. ನಾನು ಒತ್ತಡದ ಅಂಕಿಯನ್ನು ಮರಳಿ ಓದಿದೆ. ‘ನೆಗೆಟಿವ್, 1008’ ಎಂದಳು, ಅಂದರೆ ನೀವು ಓದಿದ್ದು ತಪ್ಪು ಎಂದು. ‘ನಾನೂ ಅದನ್ನೇ ಹೇಳಿದೆನಲ್ಲಮ್ಮ’ ಎಂದು ಗದರಿದೆ. ಅವಳು ಮತ್ತೆ, ಅದೇ ಸಣ್ಣ ದನಿಯಲ್ಲಿ, ‘ನೆಗೆಟಿವ್’ ಎಂದಳು. ಪಕ್ಕದ ಹುಡುಗ ಮೊಬೈಲ್‌ನಲ್ಲಿ ಮುದ್ರಿಸಿಕೊಂಡಿದ್ದ. ಕೇಳಿಸಿದ. ನಾನು 1018 ಎಂದಿದ್ದೆ, ಈ ಸಲ ಬೇಕೆಂದು ಅಲ್ಲ.